ಹಲಸಿನ ಹಪ್ಪಳದ ಸಣ್ಣ ಘಟಕಕ್ಕೆ ಸಾಮಗ್ರಿ ಒದಗಿಸುವವರನ್ನು ಹುಡುಕುವುದು ಹೇಗೆ?

ಪ್ರಶ್ನೆ (ಪೆರ್ಲದಿಂದ)

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ನಾವು ಕೆಲವು ಮಹಿಳೆಯರು ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಯೋಜನೆ) ಗುಂಪಿನ ಮೂಲಕ ಮುಂದಿನ ಬೇಸಗೆಯಲ್ಲಿ ಹಲಸಿನ ಹಪ್ಪಳದ ಘಟಕವೊಂದನ್ನು ಆರಂಭಿಸಬೇಕೆಂದಿದ್ದೇವೆ. ಹಪ್ಪಳ ಮಾಡುವ ಕೆಲಸ ನಮಗೆ ಹೊಸತಲ್ಲ. ಆದರೆ ಮನೆಖರ್ಚಿಗೆ ಹಿತ್ತಿಲಿನ ಒಂದೆರಡು ಮರಗಳು ಸಾಕಾಗುತ್ತಿದ್ದವು. ಮಾರಾಟಕ್ಕೆಂದು ಮಾಡುವಾಗ ಒಳ್ಳೆಯ ಬಕ್ಕೆ (ಗಟ್ಟಿ ತೊಳೆಯ) ಹಲಸು ಮಾರ್ಚಿನಿಂದ ಮೇ ತನಕ ತಪ್ಪದೆ ಸಿಗಬೇಕು. ಅದರ ಜೊತೆಗೆ ಮೆಣಸು, ಕೊತ್ತಂಬರಿ ಮತ್ತು ಪ್ಯಾಕಿಂಗ್ ಕವರುಗಳೂ ಬೇಕು. ಇವುಗಳ ಬೆಲೆಯನ್ನು ಮಂಗಳೂರಿನ ಬಂದರಿನ ಸಗಟು ಅಂಗಡಿಗಳಲ್ಲಿಯೂ ಕಾಸರಗೋಡಿನಲ್ಲಿಯೂ ವಿಚಾರಿಸಿದ್ದೇವೆ. ಮಂಗಳೂರಿನಲ್ಲಿ ಬೆಲೆ ಕಡಿಮೆ, ಆದರೆ ಬೇರೆ ರಾಜ್ಯದಿಂದ ಸರಕು ತರಿಸಿದರೆ ತೆರಿಗೆಯ ತೊಡಕು ಬರುತ್ತದೆಯೆಂದು ಕೆಲವರು ಹೇಳುತ್ತಾರೆ. ಯಾರಿಂದ ಕೊಳ್ಳಬೇಕೆಂಬುದನ್ನು ಯಾವ ಆಧಾರದಲ್ಲಿ ತೀರ್ಮಾನಿಸಬೇಕೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬದಿಯಡ್ಕದಿಂದ)

ಅಕ್ಕ, ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಕಷ್ಟದ ಸಾಮಗ್ರಿ ಹಲಸು ಒಂದೇ. ಉಳಿದವು ಹಣ ಕೊಟ್ಟರೆ ಯಾವ ದಿನವಾದರೂ ಸಿಗುತ್ತವೆ. ಹಪ್ಪಳಕ್ಕೆ ಬೇಕಾದದ್ದು ಬಲಿತಿದ್ದರೂ ಹಣ್ಣಾಗದ ಕಾಯಿ. ಕೊಯ್ದ ಕೆಲವೇ ದಿನಗಳಲ್ಲಿ ಅದು ಹಣ್ಣಾಗತೊಡಗುವುದರಿಂದ, ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಪಿಕಪ್ ತುಂಬ ಇಳಿಸಿಕೊಂಡರೆ ನೀವು ಕೊರೆದು ಮುಗಿಸುವ ಮೊದಲೇ ಅದರಲ್ಲೊಂದು ಪಾಲು ಹಪ್ಪಳಕ್ಕೆ ಆಗದಂತಾಗುತ್ತದೆ. ಹಾಗಾಗಿ ಬೆಲೆಯ ಮಾತಿಗೆ ಮೊದಲು, ನಿಮಗೆ ಬೇಕಾದ ದಿನ ಬೇಕಾದಷ್ಟನ್ನೇ ಕೊಯ್ದು ಕೊಡಬಲ್ಲರೇ ಎಂದು ಕೇಳಬೇಕು. ಕೊಯ್ಯುವಾಗ ಹಗ್ಗ ಕಟ್ಟಿ ಇಳಿಸುವವರಾದರೆ ಇನ್ನೂ ಒಳ್ಳೆಯದು, ಬಿದ್ದು ಜಜ್ಜಿದ ಕಾಯಿ ಬೇಗನೆ ಕೆಡುತ್ತದೆ.

ದೊಡ್ಡ ವ್ಯಾಪಾರಿಯೊಬ್ಬರನ್ನು ಹುಡುಕುವುದಕ್ಕಿಂತ ನಿಮ್ಮ ಪಂಚಾಯತಿನೊಳಗೇ ಹಲವು ತೋಟದವರೊಡನೆ ಮಾತಾಡಿಕೊಳ್ಳುವುದು ಉತ್ತಮವೆಂದು ನನ್ನ ಖಚಿತ ಅಭಿಪ್ರಾಯ. ಎಲ್ಲ ಮರಗಳ ಕಾಯಿ ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ, ಬೇಗ ಬಲಿಯುವ ಮರಗಳೂ ತಡವಾಗಿ ಬಲಿಯುವ ಮರಗಳೂ ನಿಮ್ಮ ಲೆಕ್ಕದಲ್ಲಿದ್ದರೆ ಕೆಲಸ ನಡುವೆ ನಿಲ್ಲದು. ಗುಜ್ಜೆ (ಎಳೆ ಹಲಸು) ಕೊಳ್ಳುವವರು ಇಡೀ ಮರವನ್ನು ವಹಿಸಿಕೊಳ್ಳುವ ಮೊದಲೇ ಹೋಗಿ ಮಾತು ಮುಗಿಸಿ, ಸ್ವಲ್ಪ ಮುಂಗಡವನ್ನೂ ಕೊಟ್ಟಿರಿ. ಯಾರ ತೋಟದಲ್ಲಿ ಎಷ್ಟು ಮರಗಳಿವೆಯೆಂಬುದಕ್ಕೆ ಕೃಷಿಭವನದಲ್ಲಿಯೂ (ಪಂಚಾಯತಿನ ಕೃಷಿ ಕಚೇರಿ) ವಿಚಾರಿಸಬಹುದು.

ಇನ್ನೊಂದು ವಿಷಯವನ್ನು ಗುಂಪಿನಲ್ಲಿ ಚರ್ಚಿಸಿ. ಇಡೀ ಹಲಸನ್ನೇ ಕೊಳ್ಳಬೇಕೆಂದೇನೂ ಇಲ್ಲ. ಕಾಯಿಯ ತೂಕದಲ್ಲಿ ಸೊಳೆ (ತೊಳೆ) ಸಿಗುವುದು ಸುಮಾರು ಮೂರರಲ್ಲೊಂದು ಭಾಗ. ಉಳಿದುದಕ್ಕೆ ನೀವು ಸಾಗಾಟದ ಬಾಡಿಗೆಯನ್ನೂ ಆಯುವ ಕೂಲಿಯನ್ನೂ ಕೊಡುತ್ತೀರಿ. ಹತ್ತಿರದ ಮನೆಗಳವರು ಬೆಳಗ್ಗೆ ಕೊರೆದು, ಬೇಳೆ (ಬೀಜ) ತೆಗೆದ ಸೊಳೆಯನ್ನು ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ತಂದುಕೊಟ್ಟರೆ ಕಿಲೋ ಲೆಕ್ಕದಲ್ಲಿ ಕೊಳ್ಳಬಹುದು. ರೆಚ್ಚೆ (ಸೊಳೆ ತೆಗೆದುಳಿದ ಸಿಪ್ಪೆ) ಅವರ ಹಟ್ಟಿಯ ದನಗಳಿಗೆ ಮೇವಾಗುತ್ತದೆ, ಮನೆಯ ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತದೆ. ಆದರೆ ತುಳುವ (ಮೆತ್ತಗಿನ ಸೊಳೆಯ ಹಲಸು) ಬೆರೆಸಬಾರದು, ಹಣ್ಣಾದ ಸೊಳೆ ಇರಬಾರದು ಎಂಬುದನ್ನು ಮೊದಲೇ ಹೇಳಿ, ತಂದಾಗಲೇ ಪಾತ್ರೆ ತೆರೆದು ನೋಡಿ ತೂಗಬೇಕು.

ಉತ್ತರ 2 (ಕಾಸರಗೋಡಿನಿಂದ, ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಬರೆಯುವವರು)

ತೆರಿಗೆಯ ಬಗ್ಗೆ ಇಷ್ಟು ಹೆದರಬೇಕಾಗಿಲ್ಲ. ಹಪ್ಪಳಕ್ಕೆ, ಅದು ಯಾವ ಹೆಸರಿನದಾದರೂ, ಜಿಎಸ್‌ಟಿ ಇಲ್ಲ; ತೆರಿಗೆ ವಿನಾಯಿತಿಯ ಸರಕನ್ನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ಕರ್ನಾಟಕದಿಂದ ಸಾಮಗ್ರಿ ತರಿಸಲು ಯಾವ ಅಡ್ಡಿಯೂ ಇಲ್ಲ, ಬಿಲ್ಲಿನಲ್ಲಿ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ಜಿಎಸ್‌ಟಿ) ಎಂದು ಬರೆದಿರುತ್ತದೆ, ಅಷ್ಟೆ. ಆದರೆ ನೋಂದಣಿ ಇಲ್ಲದಿದ್ದರೆ ಕವರಿಗೂ ಮಸಾಲೆಗೂ ನೀವು ಕೊಟ್ಟ ತೆರಿಗೆ ಮರಳಿ ಸಿಗದು, ಅದು ನಿಮ್ಮ ಖರ್ಚೇ ಆಗುತ್ತದೆ. ಆದ್ದರಿಂದ ಮಂಗಳೂರಿನ ಬೆಲೆಯನ್ನೂ ಕಾಸರಗೋಡಿನ ಬೆಲೆಯನ್ನೂ ಹೋಲಿಸುವಾಗ ತೆರಿಗೆ ಮತ್ತು ಲಾರಿ ಬಾಡಿಗೆ ಸೇರಿಸಿ ಪೆರ್ಲಕ್ಕೆ ಮುಟ್ಟುವಾಗ ಎಷ್ಟಾಗುತ್ತದೆಯೆಂದು ನೋಡಬೇಕು. ಮುಂದೆ ಚಿಪ್ಸ್ ಮಾಡುವ ಯೋಚನೆಯಿದ್ದರೆ ಮಾತು ಬೇರೆ: ಅದು ತೆರಿಗೆ ಇರುವ ಸರಕು, ಅದನ್ನು ಗಡಿಯಾಚೆ ಮಾರುವುದಾದರೆ ವಹಿವಾಟು ಎಷ್ಟೇ ಸಣ್ಣದಾದರೂ ನೋಂದಣಿ ಬೇಕು.

ಹೊಸ ವ್ಯಾಪಾರಿಯಿಂದ ಕೊಳ್ಳುವ ಮೊದಲು ಅವರ ಜಿಎಸ್‌ಟಿ ಸಂಖ್ಯೆಯನ್ನು ಸರಕಾರದ ಜಾಲತಾಣದಲ್ಲಿ ಹಾಕಿ ನೋಡಿ. ಹದಿನೈದು ಅಕ್ಷರಗಳ ಆ ಸಂಖ್ಯೆ ಕರ್ನಾಟಕದವರದ್ದಾದರೆ 29ರಿಂದಲೂ ಕೇರಳದವರದ್ದಾದರೆ 32ರಿಂದಲೂ ಆರಂಭವಾಗುತ್ತದೆ. ಮೆಣಸು, ಕೊತ್ತಂಬರಿ ಮಾರುವವರ ಬಿಲ್ಲಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲೇಬೇಕೆಂಬ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ನಿಮ್ಮ ಘಟಕಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಗತ್ಯ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಸೊಳೆಯನ್ನೇ ಕೊಳ್ಳುವ ಸಲಹೆಯನ್ನು ಗುಂಪಿನ ಮುಂದಿಡುತ್ತೇನೆ. ಕವರಿನ ಬಗ್ಗೆ ಒಂದು ಸಂಶಯ ಉಳಿದಿದೆ. ಹೆಸರು ಮುದ್ರಿಸಿದ ಕವರು ಬೇಕಾದರೆ ನಾವು ಒಂದು ವರ್ಷದಲ್ಲಿ ಬಳಸುವುದಕ್ಕಿಂತಲೂ ಹೆಚ್ಚನ್ನು ಒಮ್ಮೆಗೇ ಕೊಳ್ಳಬೇಕೆಂದು ವ್ಯಾಪಾರಿಗಳು ಹೇಳುತ್ತಾರೆ.

ಉತ್ತರ 3 (ವಿಟ್ಲದಿಂದ)

ಮುದ್ರಣಕ್ಕೆ ಪ್ರತ್ಯೇಕ ಅಚ್ಚಿನ ಸಿಲಿಂಡರ್ ಮಾಡಿಸಬೇಕಾಗುವುದರಿಂದ ಅವರು ಹಾಗೆ ಕೇಳುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ. ಆದರೆ ಮೊದಲ ವರ್ಷವೇ ಅಷ್ಟು ಹಣವನ್ನು ಕವರಿನಲ್ಲಿ ಹೂಡುವುದು ಬೇಡ ಅಕ್ಕ. ಬೆಲೆಯೋ ತೂಕವೋ ಬದಲಾದರೆ ಉಳಿದ ಕವರುಗಳೆಲ್ಲ ವ್ಯರ್ಥ. ಖಾಲಿ ಕವರು ಕೊಂಡು, ಪಕ್ಕದ ಮುದ್ರಣಾಲಯದಲ್ಲಿ ಚೀಟಿ ಮಾಡಿಸಿ ಅಂಟಿಸಿದರೆ ಸಾಕು. ಕವರು ಆಹಾರ ತುಂಬಲು ಯೋಗ್ಯವೆಂಬ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಪಾಲಿಥೀನ್ ಆದರೆ ಐಎಸ್ 10146 ಎಂಬ ಮಾನಕದ ಉಲ್ಲೇಖ ಅದರಲ್ಲಿರಬೇಕು.

ನಮ್ಮ ಕಡೆಯ ಹಪ್ಪಳಕ್ಕೆ ದೊಡ್ಡ ಶತ್ರು ಜೂನ್ ನಂತರದ ತೇವ. ತೆಳ್ಳಗಿನ ಕವರು ಕಡಿಮೆ ಬೆಲೆಯದೆಂದು ಕೊಂಡರೆ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಹಪ್ಪಳಕ್ಕೆ ಬೂಷ್ಟು ಬರುತ್ತದೆ. ನಿಮಗೆ ಇನ್ನೂ ಒಂದು ಮಳೆಗಾಲದಷ್ಟು ಸಮಯವಿದೆಯಲ್ಲ, ಎರಡು ಮೂರು ಅಂಗಡಿಗಳಿಂದ ಬೇರೆ ಬೇರೆ ದಪ್ಪದ ಮಾದರಿ ಕವರುಗಳನ್ನು ಈಗಲೇ ತರಿಸಿ, ಈ ವರ್ಷ ಮನೆಯಲ್ಲಿ ಮಾಡಿಟ್ಟ ಹಪ್ಪಳವನ್ನೇ ತುಂಬಿ ಸೀಲ್ ಮಾಡಿ, ಯಾವ ಅಂಗಡಿಯದೆಂದು ಮೇಲೆ ಬರೆದಿಟ್ಟು, ದೀಪಾವಳಿಯ ಹೊತ್ತಿಗೆ ತೆರೆದು ಕರಿದು ನೋಡಿ. ಆ ಮೇಲೆಯೇ ಆರ್ಡರ್ ಕೊಡಿ.