ಪುಟ್ಟಿ, ನಿಮ್ಮ ಟ್ಯಾಂಡಮ್ ಯಾತ್ರೆಗೆ ದಿನಕ್ಕೆ 60 ಕಿಲೋಮೀಟರ್ ಲೆಕ್ಕ ಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗ ಕೇಳಿದೆ. ನನ್ನ ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ, ಬೇಡದವರು ಮುಂದಕ್ಕೆ ಓಡಿಸಿಕೊಳ್ಳಿ. ನೀನು ಕೇಳಿದ್ದು ಇಷ್ಟು ತಾನೆ? ನೀನೂ ಅಳಿಯಂದಿರೂ ಟ್ಯಾಂಡಮ್‌ನಲ್ಲಿ, ಅಂದರೆ ಇಬ್ಬರು ಹಿಂದೆ ಮುಂದೆ ಕೂತು ತುಳಿಯುವ ಸೈಕಲ್‌ನಲ್ಲಿ, ಸ್ಪೇನಿನ ಸಾಂತಿಯಾಗೊ ಊರಿಗೆ ಕ್ರೈಸ್ತರ ಹಳೆಯ ಯಾತ್ರೆ ಹೋಗಬೇಕು. ಫ್ರಾನ್ಸ್ ಕಡೆಯ ಸಾಂ ಜಾಂ ಪಿಯೆ ದ ಪೋರ್‌ನಿಂದ ಸುಮಾರು 780 ಕಿಲೋಮೀಟರ್. ದಿನಕ್ಕೆ 60ರಂತೆ 13 ದಿನ. ದಾರಿಯುದ್ದಕ್ಕೂ ಇರುವ ಹಳದಿ ಬಾಣದ ಗುರುತು ಹಿಡಿದು ಹೋದರೆ ಸಾಕಲ್ವಾ ಅಂತ.

ಸಾಲದು. ಒಬ್ಬರೇ ತುಳಿಯುವ ಸೈಕಲ್‌ಗಾದರೆ ಆ ಲೆಕ್ಕ ಹೇಗೋ ನಡೆಯುತ್ತಿತ್ತು. ಟ್ಯಾಂಡಮ್‌ನ ಗುಣವೇ ಬೇರೆ. ಸಮ ನೆಲದಲ್ಲಿ ತುಳಿಯುವವರು ಇಬ್ಬರು, ಗಾಳಿಗೆ ಎದೆ ಕೊಡುವವರು ಹೆಚ್ಚುಕಮ್ಮಿ ಒಬ್ಬರೇ. ಹಾಗಾಗಿ ಜೋರಾಗಿ ಹೋಗುತ್ತದೆ. ಏರು ಬಂತೋ, ಇಬ್ಬರ ತೂಕ, ಸೈಕಲ್ ತೂಕ, ಬ್ಯಾಗ್‌ಗಳ ತೂಕ ಎಲ್ಲ ಸೇರಿ ಆಮೆ ಆಗುತ್ತದೆ. ಇಳಿಜಾರಿನಲ್ಲಿ ಅದೇ ತೂಕ ಹಿಂದಿನಿಂದ ತಳ್ಳುತ್ತದೆ. ಆದ್ದರಿಂದ ಮ್ಯಾಪ್‌ನಲ್ಲಿ ದೂರ ನೋಡಬೇಡಿ, ಮೊದಲು ಘಟ್ಟಗಳನ್ನು ನೋಡಿ. ಏರಿನ ದಿನ 35-40 ಕಿಲೋಮೀಟರ್ ಸಾಕು. ಉಳಿದದ್ದನ್ನು ಬುರ್ಗೋಸ್‌ನಿಂದ ಲೆಯೋನ್‌ವರೆಗಿನ ಬಯಲಿನಲ್ಲಿ ತೀರಿಸಿಕೊಳ್ಳಿ. ಮೆಸೆತಾ ಅನ್ನುತ್ತಾರಲ್ಲ, ಅದು. ಹತ್ತಿರ ಹತ್ತಿರ 180 ಕಿಲೋಮೀಟರ್. ನಡೆಯುವವರಿಗೆ ಅದು ಮುಗಿಯದ ದಾರಿ, ನಿಮಗೆ ಎರಡು ದಿನ. ನೆರಳು ಕಮ್ಮಿ, ಬೆಳಿಗ್ಗೆ ಬೇಗ ಹೊರಡಿ. ಕಾಸ್ತ್ರೊಹೆರಿಸ್ ಊರು ದಾಟಿದ ಮೇಲೆ ಒಂದು ಗುಡ್ಡ ಅಡ್ಡ ಬರುತ್ತದೆ. ಚಿಕ್ಕದೇ, ಆದರೆ ಆಚೆ ಕಡೆ ಇಳಿಯುವಾಗ 18 ಪರ್ಸೆಂಟ್ ಇಳಿಜಾರು. ಅಲ್ಲಿ ಇಳಿದು ತಳ್ಳಿಕೊಂಡೇ ಹೋಗಿ, ಮರ್ಯಾದೆ ಏನೂ ಹೋಗುವುದಿಲ್ಲ.

ಮೊದಲ ದಿನದ ವಿಷಯ. ಸಾಂ ಜಾಂನಿಂದ ಪಿರೆನೀಸ್ ಬೆಟ್ಟ ದಾಟಲು ಎರಡು ದಾರಿ ಇವೆ. ಫೋಟೋಗಳಲ್ಲಿ ನೀನು ನೋಡಿರುವುದು ಮೇಲಿನ ನೆಪೋಲಿಯನ್ ದಾರಿ. 1400 ಮೀಟರ್ ದಾಟಿ ಹೋಗುತ್ತದೆ. ಚೆಂದ ಇದೆ, ಒಪ್ಪಿದೆ, ಆದರೆ ಅದು ಕಾಲ್ನಡಿಗೆಯವರದ್ದು. ನೀವು ವಾಲ್‌ಕಾರ್ಲೋಸ್ ಊರಿನ ಮೂಲಕ ಹೋಗುವ ಟಾರ್ ರಸ್ತೆ ಹಿಡಿಯಿರಿ. ಬೆಟ್ಟ ದಾಟುವ ಜಾಗ ಇಬಾನ್ಯೆತಾ 1057 ಮೀಟರ್ ಎತ್ತರ, ಅಲ್ಲಿಂದ ಸ್ವಲ್ಪ ಇಳಿದರೆ ರೊನ್ಸೆಸ್‌ವಾಯೆಸ್ ಊರು. ಮೊದಲ ದಿನಕ್ಕೆ ಅಷ್ಟೇ ಸಾಕು. ಪಾಂಪ್ಲೋನಾ ಊರು ಆದ ಮೇಲೆ ಅಲ್ತೊ ದೆಲ್ ಪೆರ್ದೊನ್ ಗುಡ್ಡ ಬರುತ್ತದೆ. ಅಲ್ಲಿಯೂ ಇಳಿಯುವ ಕಾಲುದಾರಿ ಬರೀ ಉರುಟು ಕಲ್ಲು, ರಸ್ತೆಯೇ ಒಳ್ಳೆಯದು. ಹಳದಿ ಬಾಣ ನಡೆಯುವವರಿಗೆ ಹಾಕಿದ್ದು. ಊರಿನಿಂದ ಊರಿಗೆ ದಿಕ್ಕು ತಿಳಿಯಲು ಇರಲಿ, ಚಕ್ರ ಮಾತ್ರ ರಸ್ತೆಯಲ್ಲಿರಲಿ. ಅಂದಹಾಗೆ ಸ್ಪೇನಿನಲ್ಲಿ ಊರಾಚೆ ರಸ್ತೆಗೆ ಹೆಲ್ಮೆಟ್ ಕಡ್ಡಾಯ.

ಈಗ ನನಗೆ ನಿಜವಾಗಿ ಚಿಂತೆ ಇರುವ ಜಾಗ. ಲೆಯೋನ್, ಅಸ್ತೋರ್ಗಾ ದಾಟಿದ ಮೇಲೆ ಕ್ರುಸ್ ದೆ ಫೆರ್ರೊ. ಸುಮಾರು 1500 ಮೀಟರ್ ಎತ್ತರ, ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಹೆಚ್ಚುಕಮ್ಮಿ ಅದೇ. ಯಾತ್ರಿಗಳು ಮನೆಯಿಂದ ತಂದ ಕಲ್ಲು ಇಟ್ಟು ಹೋಗುತ್ತಾರಲ್ಲ, ಆ ಕಬ್ಬಿಣದ ಶಿಲುಬೆ. ಹತ್ತುವುದು ಕಷ್ಟ ಅಲ್ಲ, ನಿಧಾನ ಅಷ್ಟೇ. ಅಲ್ಲಿಂದ ಮೋಲಿನಾಸೆಕಾ ಊರಿನವರೆಗೆ 20 ಕಿಲೋಮೀಟರ್ ಒಳಗೆ ಸುಮಾರು 900 ಮೀಟರ್ ಇಳಿಯಬೇಕು. ನಡುವೆ ಎಲ್ ಅಸೆಬೊ ಹಳ್ಳಿಯಲ್ಲಿ ಸತ್ತುಹೋದ ಒಬ್ಬ ಸೈಕಲ್ ಯಾತ್ರಿಯ ನೆನಪಿಗೆ ಲೋಹದ ಸೈಕಲ್ ನಿಲ್ಲಿಸಿದ್ದಾರೆ. ಹೆದರಿಸಲು ಹೇಳುತ್ತಿಲ್ಲ.

ಟ್ಯಾಂಡಮ್‌ನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಇಳಿಜಾರಿನ ಶಕ್ತಿ ಎಲ್ಲ ಬ್ರೇಕ್‌ನಲ್ಲಿ ಬಿಸಿ ಆಗುತ್ತದೆ. ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್ ಆದರೆ ರಿಮ್ ಕಾದು ಟಯರ್ ಸಿಡಿಯಬಹುದು. ಡಿಸ್ಕ್ ಆದರೂ ಸಣ್ಣ ಡಿಸ್ಕ್ ಸಾಲದು, 203 ಮಿಲಿಮೀಟರ್‌ನದ್ದು ಹಾಕಿಸಿ. ಅಳಿಯಂದಿರಿಗೆ ಹೇಳು, ಹಿಡಿದೇ ಇರಬಾರದು. ಜೋರಾಗಿ ಒತ್ತಿ ವೇಗ ಇಳಿಸಬೇಕು, ಬಿಡಬೇಕು, ಮತ್ತೆ ಒತ್ತಬೇಕು. ನಡುನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಮಳೆ ಬಂದರೆ ಆ ದಿನ ಮೇಲೆಯೇ ಉಳಿದುಬಿಡಿ. ಅದಕ್ಕೇ ಬರೀ 13 ದಿನ ಬೇಡ, ಇನ್ನೆರಡು ದಿನ ಹೆಚ್ಚಿಗೆ ಕೈಯಲ್ಲಿ ಇಟ್ಟುಕೊಳ್ಳಿ ಅನ್ನುವುದು.

ಇದು ಹಿಂದೆ ಕೂರುವವಳ ಮಾತು, ನಿಮ್ಮ ಚಿಕ್ಕಪ್ಪ ನಗುತ್ತಾರೆ, ನಗಲಿ. ಹಿಂದೆ ಕೂತವರಿಗೆ ಮುಂದಿನ ಗುಂಡಿ ಕಾಣುವುದಿಲ್ಲ, ಕಾಣುವುದು ಬೆನ್ನು ಮಾತ್ರ. ಮುಂದಿನವರು ಗುಂಡಿ, ಗೇರ್, ಬ್ರೇಕ್, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅಳಿಯಂದಿರು ಮಾತು ಕಮ್ಮಿ, ಈಗಿನಿಂದಲೇ ಅಭ್ಯಾಸ ಮಾಡಿಸು. ಮ್ಯಾಪ್ ಮಾತ್ರ ನಿನ್ನ ಕೈಯಲ್ಲಿರಲಿ.

ಆಮೇಲೆ ಬರುವ ಓ ಸೆಬ್ರೆಯ್ರೊ ಅನ್ನುವ ಬೆಟ್ಟದ ಹಳ್ಳಿ ಬಗ್ಗೆ ಒಂದು ಮಾತು. 1300 ಮೀಟರ್‌ಗೆ ಹತ್ತಿದ ಮೇಲೆ ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿದಿರುವುದಿಲ್ಲ. ಮುಂದೆ ಇಳಿದು ಹತ್ತಿ 1335 ಮೀಟರ್‌ನ ಪೊಯೊ ಬರುತ್ತದೆ, ಆಮೇಲೆ ತ್ರಿಯಾಕಾಸ್ತೆಲಾಗೆ ಮತ್ತೆ ದೊಡ್ಡ ಇಳಿಜಾರು. ಸುಸ್ತಾಗಿದ್ದರೆ ಸೆಬ್ರೆಯ್ರೊದಲ್ಲೇ ಮಲಗಿ, ಬ್ರೇಕ್ ಕೆಲಸ ಬೆಳಗಿನ ಹೊಸ ಕೈಗಳಿಗೆ ಇರಲಿ. ಸಾರ್ರಿಯಾದಿಂದ ಮುಂದೆ ಜನವೋ ಜನ, ಯಾಕೆಂದರೆ ನಡೆಯುವವರಿಗೆ ಸರ್ಟಿಫಿಕೇಟ್ ಸಿಗಲು ಕೊನೆಯ 100 ಕಿಲೋಮೀಟರ್ ಸಾಕು. ಸೈಕಲ್‌ನವರಿಗೆ ಕೊನೆಯ 200 ಬೇಕು. ಆ 200ಕ್ಕೆ ಲೆಕ್ಕ ಸಿಗುವ ಪೊನ್‌ಫೆರ್ರಾದಾ ಊರಿನಿಂದ ಯಾತ್ರಿ ಪುಸ್ತಕಕ್ಕೆ ದಿನಕ್ಕೆ ಎರಡು ಸೀಲ್ ಹಾಕಿಸುವುದು ಮರೆಯಬೇಡಿ, ಸೈಕಲ್ ಒಂದೇ ಆದರೂ ಇಬ್ಬರಿಗೂ ಬೇರೆ ಬೇರೆ ಯಾತ್ರಿ ಪುಸ್ತಕ.

ಸರ್ಕಾರಿ, ಚರ್ಚ್ ಕಡೆಯ ಯಾತ್ರಿನಿವಾಸಗಳಲ್ಲಿ ನಡೆದು ಬಂದವರಿಗೆ ಮೊದಲು ಹಾಸಿಗೆ, ಆಮೇಲೆ ಸೈಕಲ್‌ನವರಿಗೆ. ಸಂಜೆ ಅಲೆಯುವುದಕ್ಕಿಂತ ಖಾಸಗಿ ಜಾಗ ಬುಕ್ ಮಾಡಿ. ಬುಕ್ ಮಾಡುವಾಗ "ಸೈಕಲ್ ಇಡಲು ಜಾಗ ಇದೆಯಾ" ಅಂತ ಕೇಳಿದರೆ ಸುಮ್ನೆ ಇದೆ ಅನ್ನುತ್ತಾರೆ. ಟ್ಯಾಂಡಮ್, ಎರಡೂವರೆ ಮೀಟರ್ ಉದ್ದ, ಮೆಟ್ಟಿಲು ಹತ್ತಿಸಲು ಆಗಲ್ಲ ಅಂತ ಬಿಡಿಸಿ ಹೇಳು. 2027ಕ್ಕೆ ಹೋಗುವ ಯೋಚನೆ ಇದ್ದರೆ ಇನ್ನೂ ಬೇಗ ಬುಕ್ ಮಾಡಬೇಕು. ಸಾಂತಿಯಾಗೊ ಸಂತನ ಹಬ್ಬ ಜುಲೈ 25 ಭಾನುವಾರ ಬಂದರೆ ಅದು ಪವಿತ್ರ ವರ್ಷ, 2027ರಲ್ಲಿ ಹಾಗೇ ಬರುತ್ತದೆ, ಆಗ ಜನ ಜಾಸ್ತಿ.

ಕೊನೆಗೆ ರೈಲು, ಬಸ್ಸು. ಮಾಮೂಲಿ ಸೈಕಲ್ ಹತ್ತಿಸುವ ಕಡೆಯೂ ಟ್ಯಾಂಡಮ್‌ಗೆ ಇಲ್ಲ ಅನ್ನಬಹುದು. ವಿಮಾನದ ಟಿಕೆಟ್ ತೆಗೆಯುವ ಮೊದಲು ಸಾಂ ಜಾಂ ತಲುಪುವುದು ಹೇಗೆ, ಸಾಂತಿಯಾಗೊದಿಂದ ವಾಪಸ್ ಹೇಗೆ ಎರಡನ್ನೂ ಇಮೇಲ್‌ನಲ್ಲಿ ಕೇಳಿ, ಉತ್ತರ ಬರಲಿ. ಫ್ರೇಮ್ ನಡುವೆ ಬಿಚ್ಚಿ ಎರಡು ಪೆಟ್ಟಿಗೆಗೆ ಹಾಕುವ ಟ್ಯಾಂಡಮ್‌ಗಳೂ ಇವೆ. ನಿಮ್ಮದು ಅಂಥದ್ದಾ? ಅದು ಹೇಳು, ಮುಂದಿನದ್ದು ಆಮೇಲೆ ಮಾತಾಡೋಣ.