ಬಿಎಡ್ ಮಾಡುವವರ ಸ್ಕಾಲರ್‌ಶಿಪ್: ಮುಂಬೈಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಯಾವ ರಾಜ್ಯದ ಲೆಕ್ಕಕ್ಕೆ?

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಎಂಎ ಮುಗಿಸಿದ್ದಾಳೆ, ಟೀಚರ್ ಆಗಲೇಬೇಕು ಅಂತ ಹಟ. ಬಿಎಡ್ ಸಿಇಟಿ ಬರೆದು ಕೂತಿದ್ದಾಳೆ. ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ನಮ್ಮ ಯಜಮಾನರು ಕುಂದಾಪುರದಿಂದ ಬಂದದ್ದು 1988ರಲ್ಲಿ, ಕ್ಯಾಂಟೀನ್ ಕೆಲಸಕ್ಕೆ. ಊರಲ್ಲಿ ನಾವು ಹಿಂದುಳಿದ ವರ್ಗ. ಇಲ್ಲಿ ಆ ಸರ್ಟಿಫಿಕೇಟ್ ಕೇಳಿದರೆ 1967ಕ್ಕೆ ಮುಂಚೆ ಮಹಾರಾಷ್ಟ್ರದಲ್ಲಿ ಇದ್ದ ದಾಖಲೆ ತನ್ನಿ ಅಂತಾರೆ. ಆಗ ಇವರು ಹುಟ್ಟೇ ಇರಲಿಲ್ಲ! ಕರ್ನಾಟಕದಲ್ಲಿ ಕೇಳೋಣ ಅಂದರೆ ಅವಳು ಅಲ್ಲಿ ಒಂದು ದಿನವೂ ಓದಿಲ್ಲ. ಟೀಚರ್ ಆಗುವವರಿಗೆ ಸ್ಕಾಲರ್‌ಶಿಪ್ ಜಾಸ್ತಿ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಮಾಡಿದರೂ ನಮ್ಮಂಥವರ ಕೈಗೆ ಬರುತ್ತಾ?

ಮುಲುಂಡ್ ಮಾಸ್ತರ್

ಅಮ್ಮ, ಜಾತಿ ಸರ್ಟಿಫಿಕೇಟ್ ಹಿಂದೆ ಓಡಬೇಡಿ, ಮೊದಲು ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಅನ್ನುವ ಸರ್ಟಿಫಿಕೇಟ್ ಮಾಡಿಸಿ. ಅದಕ್ಕೆ 15 ವರ್ಷ ಇಲ್ಲಿ ವಾಸ ಇದ್ದರೆ ಸಾಕು, ಮಗಳ ಶಾಲೆಯ ಲೀವಿಂಗ್ ಸರ್ಟಿಫಿಕೇಟ್, ರೇಷನ್ ಕಾರ್ಡ್ ತೆಗೆದಿಡಿ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆ ಇದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ಅರ್ಜಿ ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ. ಅರ್ಧ ಬೋಧನಾ ಶುಲ್ಕ ಅಂತ ಇದ್ದದ್ದನ್ನು 2024ರಲ್ಲಿ ಕೆಲವು ವರ್ಗಗಳ ಹುಡುಗಿಯರಿಗೆ ಪೂರ್ತಿ ಮಾಡಿದರು. ಸೀಟು ಮಾತ್ರ ಕ್ಯಾಪ್ ರೌಂಡಿನಲ್ಲೇ, ಅಂದರೆ ಸರ್ಕಾರದ ಸೀಟು ಹಂಚಿಕೆಯಲ್ಲೇ ಸಿಗಬೇಕು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಫೀಸು ಕಟ್ಟುವ ಮುಂಚೆ ನಿಮ್ಮ ಕಾಲೇಜಿಗೆ, ನಿಮ್ಮ ವರ್ಗಕ್ಕೆ ಅನ್ವಯ ಆಗುತ್ತಾ ಅಂತ ಆಫೀಸಿನಲ್ಲಿ ಕೇಳಿ.

ಪಿಂಪ್ರಿ ಹುಡುಗ

ಬೇಜಾರು ಮಾಡ್ಕೋಬೇಡಿ, ಆದರೆ ಸ್ಕಾಲರ್‌ಶಿಪ್ ಕೊಟ್ಟು ಇನ್ನಷ್ಟು ಬಿಎಡ್ ಮಾಡಿಸಿ ಏನು ಮಾಡುವುದು? ಬಿಎಡ್ ಆದ ಮೇಲೆ ಟಿಇಟಿ ಅನ್ನುವ ಅರ್ಹತಾ ಪರೀಕ್ಷೆ, ಆಮೇಲೆ ಟೇಟ್ ಅನ್ನುವ ನೇಮಕಾತಿ ಪರೀಕ್ಷೆ, ಆಮೇಲೆ ಶಿಕ್ಷಕರ ನೇಮಕಾತಿಯ ಪವಿತ್ರ ಪೋರ್ಟಲ್ ನೋಡುತ್ತಾ ಕೂರಬೇಕು. 2023ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಿಎಡ್ ಇಟ್ಟುಕೊಂಡು ಪ್ರೈಮರಿಗೆ ಹೋಗುವ ದಾರಿಯೂ ಮುಚ್ಚಿತು. ಆ ದುಡ್ಡಲ್ಲಿ ಖಾಲಿ ಹುದ್ದೆ ತುಂಬಲಿ.

ಥಾಣೆ ಬಿಎಡ್ ಸೆಕೆಂಡ್ ಇಯರ್

ಪಿಂಪ್ರಿ ಅವ್ರೆ, ಹುದ್ದೆ ತುಂಬಲಿ, ಬೇಡ ಅಂದವರು ಯಾರು? ಆದರೆ ಅಲ್ಲಿಯವರೆಗೆ ಓದುವುದು ಯಾರಿಗೆ ಸಾಧ್ಯ ಅಂತಲೂ ನೋಡಿ. 2015ರಿಂದ ಬಿಎಡ್ ಎರಡು ವರ್ಷ. ಎರಡನೇ ವರ್ಷ 16 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್, ಹಾಜರಿ 90 ಶೇಕಡ ಇರಲೇಬೇಕು. ನಾನು ಬೆಳಗ್ಗೆ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದೆ, ಇಂಟರ್ನ್‌ಶಿಪ್ ಶುರುವಾದದ್ದೇ ಅದು ಹೋಯಿತು. ಶಾಲೆಯಿಂದ ಒಂದು ಪೈಸೆ ಇಲ್ಲ. ಖರ್ಚು ಮಾತ್ರ ಜಾಸ್ತಿ, ಚಾರ್ಟ್ ಪೇಪರ್, ಸ್ಕೆಚ್ ಪೆನ್, ಪ್ರತಿ ಪಾಠಕ್ಕೂ ಒಂದು ಮಾಡೆಲ್. ಎಂಟನೆಯ ಕ್ಲಾಸಿಗೆ ಹೃದಯದ ಪಾಠ ಅಂತ ಥರ್ಮಾಕೋಲ್ ಕೊರೆದು ಕೆಂಪು ನೀಲಿ ಪೈಪ್ ಅಂಟಿಸಿ ಲೋಕಲ್‌ನಲ್ಲಿ ತಲೆ ಮೇಲೆ ಎತ್ತಿ ಹಿಡಿದು ಹೋದೆ, ಇಳಿಯುವಾಗ ನೀಲಿ ಪೈಪ್ ಯಾರದ್ದೋ ಬ್ಯಾಗಿಗೆ ಸಿಕ್ಕಿ ಹೋಯಿತು. ನನ್ನ ಫೀಸಿನ ಸ್ಕಾಲರ್‌ಶಿಪ್ ಬಂದದ್ದು ಪರೀಕ್ಷೆ ಮುಗಿದ ಮೇಲೆ, ಅಷ್ಟರಲ್ಲಿ ಅಪ್ಪ ಬಡ್ಡಿಗೆ ತಂದು ಕಟ್ಟಿದ್ದರು. ಹೆಚ್ಚಿಸುವುದಾದರೆ ಆ 16 ವಾರಕ್ಕೆ ತಿಂಗಳು ತಿಂಗಳು ಕೊಡಲಿ. ಡಾಕ್ಟರ್ ಓದುವವರಿಗೆ ಇಂಟರ್ನ್‌ಶಿಪ್ಪಿನಲ್ಲಿ ಸ್ಟೈಪೆಂಡ್ ಇಲ್ವಾ?

ಜತ್ ಸರ್

ಇಲ್ಲಿ ಮಹಾರಾಷ್ಟ್ರದ ಗಡಿಯ ಜತ್, ಅಕ್ಕಲಕೋಟೆ ಕಡೆ ಕನ್ನಡ ಶಾಲೆಗಳಿವೆ. ಮುಂಬೈ ಪಾಲಿಕೆಯೂ ಕನ್ನಡ ಶಾಲೆ ನಡೆಸುತ್ತದೆ. ಕನ್ನಡದಲ್ಲಿ ವಿಜ್ಞಾನ, ಗಣಿತ ಹೇಳಿಕೊಡುವವರು ಬೇಕಾದಾಗ ಸಿಗುವುದಿಲ್ರೀ. ಹೊಸ ಶಿಕ್ಷಣ ನೀತಿ 2020ರಲ್ಲಿ ಹಳ್ಳಿಗಳಿಗಾಗಿ ವಿಶೇಷ ಸ್ಕಾಲರ್‌ಶಿಪ್, ಕೋರ್ಸ್ ಮುಗಿದ ಮೇಲೆ ಅಲ್ಲೇ ಕೆಲಸದಲ್ಲಿ ಆದ್ಯತೆ ಅಂತ ಬರೆದಿದ್ದಾರೆ, ಆದರೆ ಡಿಗ್ರಿ, ಬಿಎಡ್ ಎರಡೂ ಒಟ್ಟಿಗೆ ಇರುವ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸಿನ ಮಾತಿನ ಜೊತೆಗೆ. ಡಿಗ್ರಿ, ಎಂಎ ಮುಗಿಸಿ ಬರುವ ಇಂಥ ಮಕ್ಕಳಿಗೂ ಅದು ಬರಬೇಕು. ಪಿಂಪ್ರಿಯವರ ಪ್ರಶ್ನೆಗೂ ಅದೇ ಉತ್ತರ, ದುಡ್ಡಿನ ಜೊತೆ ಕೆಲಸವನ್ನೂ ಕಟ್ಟಿ ಕೊಡಲಿ.

ಪಿಂಪ್ರಿ ಹುಡುಗ

ಕೆಲಸ ಜೊತೆಗೆ ಬಂದರೆ ಒಪ್ಪುತ್ತೇನೆ ಸರ್. ಷರತ್ತಿನ ವಿಷಯದಲ್ಲಿ ಮಾತ್ರ ಹುಷಾರು. ಅಮೆರಿಕದಲ್ಲಿ ಟೀಚ್ ಗ್ರಾಂಟ್ ಅಂತ ಇದೆ, ವರ್ಷಕ್ಕೆ 4000 ಡಾಲರ್ ತನಕ, ಬಡ ಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಕಲಿಸದಿದ್ದರೆ ಅದೇ ದುಡ್ಡು ಸಾಲ ಆಗುತ್ತದೆ. ಕಲಿಸುತ್ತಾ ಇದ್ದವರಿಗೂ ವರ್ಷದ ಫಾರ್ಮ್ ತಡವಾಯಿತು ಅಂತ ಸಾಲದ ನೋಟಿಸ್ ಹೋಗಿ ದೊಡ್ಡ ಗಲಾಟೆ ಆಗಿತ್ತು. ನಮ್ಮ ಪೋರ್ಟಲ್‌ಗಳ ಸರ್ವರ್ ಗೊತ್ತಲ್ವಾ!

ಡೊಂಬಿವಲಿ ಅಮ್ಮ

ಥ್ಯಾಂಕ್ಸ್ ಎಲ್ಲರಿಗೂ. ಮಾಸ್ತರ್ರೇ, ರೇಷನ್ ಕಾರ್ಡಿನಲ್ಲಿ ಮಗಳ ಹೆಸರಿನ ಸ್ಪೆಲ್ಲಿಂಗ್ ಬೇರೆ ಇದೆ, ಡೊಮಿಸೈಲಿಗೆ ತೊಂದರೆ ಆಗುತ್ತಾ?

ಮುಲುಂಡ್ ಮಾಸ್ತರ್

ಆಗಬಹುದು, ಅಫಿಡವಿಟ್ ಮಾಡಿಸಿಯೇ ಹೋಗಿ. ಕ್ಯಾಪ್ ರೌಂಡ್ ಶುರುವಾದ ಮೇಲೆ ತಹಸೀಲ್ದಾರ್ ಆಫೀಸಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಈ ವಾರವೇ ಮುಗಿಸಿಬಿಡಿ.