ಐ ಮೊದಲೋ, ಜೆ ಮೊದಲೋ?

"ಕಂಪ್ಯೂಟರಿಗೆ ಮಗ್ಗಿ ಬರಲ್ಲ ಕಣೋ" ಅಂತ ಗುಂಡ ಲ್ಯಾಪ್‌ಟಾಪ್ ಹೊತ್ತುಕೊಂಡೇ ಬಂದ.

"ಏನು ಕೇಳಿದ್ದೆ?" ಅಂದ ಪಂಡಿತ.

"ಐ, ಜೆ ಅಂತ ಎರಡು ಅಕ್ಷರ ಇಟ್ಟುಕೊಂಡೆ, ಬೆಲೆ ಬದಲಾಗುತ್ತಾ ಹೋಗೋವು. ಐ 1ರಿಂದ 3ರವರೆಗೆ. ಪ್ರತಿ ಐಗೂ ಜೆ 1ರಿಂದ ಐವರೆಗೆ. ಬಂದ ಜೆಗಳನ್ನೆಲ್ಲ ಗುಣಿಸು ಅಂದೆ. ಮೊದಲ ಸುತ್ತಿಗೆ 1, ಎರಡನೇದಕ್ಕೆ 2, ಮೂರನೇದಕ್ಕೆ 6, ಒಟ್ಟು ಗುಣಿಸಿದರೆ 12. ಮ್ಯಾಥಮ್ಯಾಟಿಕಾ ಅನ್ನೋ ಗಣಿತದ ತಂತ್ರಾಂಶ 12 ಅಂತಲೇ ಹೇಳಿತು. ಅದೇ ಕ್ರಮದಲ್ಲಿ ಸಿಂಪೈ ಅನ್ನೋ ಇನ್ನೊಂದು ಗಣಿತದ ತಂತ್ರಾಂಶಕ್ಕೆ ಬರೆದರೆ ಗುಣಾಕಾರದ ದೊಡ್ಡ ಪೈ ಗುರುತು ತೋರಿಸಿ ಸುಮ್ನೆ ಕೂತುಬಿಟ್ಟಿತು!"

"ಡೂಇಟ್ ಹಾಕಿದೆಯಾ? 'ಮಾಡಪ್ಪಾ' ಅಂತ ಬಾಯಿಬಿಟ್ಟು ಹೇಳದಿದ್ದರೆ ಅದು ಮಾಡಲ್ಲ."

"ಹಾಕಿದೆ. ಐ ಫ್ಯಾಕ್ಟೋರಿಯಲ್‌ನ, ಅಂದರೆ 1ರಿಂದ ಐವರೆಗೆ ಗುಣಿಸಿದ್ದರ, ಘನ ಅಂತು. 3ಕ್ಕೇ ಮುಗಿಯಬೇಕಿದ್ದ ಐ ಉತ್ತರದಲ್ಲಿ ಯಾಕೆ ಬಂತು?"

ಪಂಡಿತನಿಗೆ ನಗು. "ಮ್ಯಾಥಮ್ಯಾಟಿಕಾದಲ್ಲಿ ಮೊದಲು ಬರೆದದ್ದು ಹೊರಗಿನ ಸುತ್ತು, ಸಿಂಪೈನಲ್ಲಿ ಮೊದಲು ಬರೆದದ್ದು ಒಳಗಿನ ಸುತ್ತು. ನೀನು ಐ ಮೊದಲು ಬರೆದೆ, ಅದು ಜೆಯನ್ನು ಮೂರು ಸಲ ಗುಣಿಸಿ ಜೆ ಘನ ಮಾಡಿತು, ಐ ಕೆಲಸ ಅಲ್ಲಿಗೇ ಮುಗಿಯಿತು. ಆಮೇಲೆ ಜೆ ಐವರೆಗೆ ಹೋಗಲಿ ಅಂದರೆ ಯಾವ ಐ? ಅದು ಯಾರೋ ಬೇರೆ ಐ ಅಂದುಕೊಂಡಿತು."

"ಒಂದೇ ಹೆಸರು, ಆಳು ಬೇರೆ?"

"ಹೂಂ."

ಗುಂಡ ಜೆ ಮೊದಲು ಹಾಕಿದ, 12 ಬಂತು. ಅಷ್ಟಕ್ಕೆ ಬಿಡುವವನಲ್ಲ, ಐ ಬಿಟ್ಟು ಬರೀ ಜೆಯನ್ನು 5ರಿಂದ 2ರವರೆಗೆ ಅಂತ ಉಲ್ಟಾ ಕೊಟ್ಟ. ಸಿಂಪೈನಲ್ಲಿ 12ರಲ್ಲಿ ಒಂದು ಭಾಗ ಬಂತು! ಮ್ಯಾಥಮ್ಯಾಟಿಕಾ ಮಾತ್ರ 1 ಅಂತು.

"ಇದು ಹೊಟ್ಟೆಕಿಚ್ಚು, ಅಲ್ವಾ?"

"ಅಲ್ಲ ಮಾರಾಯ, ಸಿಂಪೈ ಪಾಲಿಸೋದು ಮೈಕಲ್ ಕಾರ್ ಅನ್ನುವವರ 1981ರ ಪದ್ಧತಿ. ಸಾಲನ್ನು ಎಲ್ಲಿ ಕತ್ತರಿಸಿ ಜೋಡಿಸಿದರೂ ಲೆಕ್ಕ ತಪ್ಪಬಾರದು. 3ರಿಂದ 4, ಅದಕ್ಕೆ 5ರಿಂದ 2 ಅಂಟಿಸಿದರೆ 3ರಿಂದ 2 ಆಯ್ತು, ಅಂದರೆ ಗುಣಿಸಲು ಏನೂ ಇಲ್ಲ, ಉತ್ತರ 1. ಮೊದಲ ತುಂಡು 12, ಹಾಗಾದರೆ ಎರಡನೇದು ಎಷ್ಟಿರಬೇಕು?"

ಗುಂಡ ಬೆರಳು ಮಡಚಿ ನೋಡಿದ, ಒಪ್ಪಿಕೊಂಡ. (ನನಗೂ ಆಗಲೇ ಅರ್ಥವಾದದ್ದು, ಆದರೆ ತಲೆಯಾಡಿಸುತ್ತಾ ಕೂತಿದ್ದೆ.)

"ಸರಿ, ಇನ್ನು ಹೆಸರಿನ ಗೊಂದಲವೇ ಬೇಡ. ಹೊರಗಿನದಕ್ಕೆ ದೊಡ್ಡಕ್ಷರದ ಐ ಹಾಕಿಬಿಡ್ತೀನಿ."

"ಬೇಡ್ವೋ!" ಪಂಡಿತ ಎದ್ದೇ ನಿಂತ. "ಸಿಂಪೈನಲ್ಲಿ ದೊಡ್ಡಕ್ಷರದ ಐ ಅಂದರೆ ಮೈನಸ್ ಒಂದರ ವರ್ಗಮೂಲ!"

ಗುಂಡ ಲ್ಯಾಪ್‌ಟಾಪ್ ಮುಚ್ಚಿ ಪೆನ್ನು ಕೇಳಿದ.